ಬೀರು ಸರಿಸಿದವನ ಅರ್ಜಿ

ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಆ ಕೋಣೆಗೆ ಬೋರ್ಡು ಇರಲಿಲ್ಲ. ಬೋರ್ಡು ಓದಿಕೊಂಡು ಬರುವಷ್ಟು ಪುರುಸೊತ್ತು ಇರುವವರು ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ಕಣ್ಣು ಕಾಣದವರು, ಕಾಲು ಎಳೆಯುವವರು, ಕೂಸನ್ನು ಎತ್ತಿಕೊಂಡಂತೆ ಬೆಳೆದ ಮಗನನ್ನು ಎತ್ತಿಕೊಂಡ ತಾಯಂದಿರು ಅಂಗಡಿಯ ಮುಂದೆ ನಿಂತು, "ಅರ್ಜಿಯಮ್ಮ ಎಲ್ಲಿ?" ಎಂದು ಕೇಳುತ್ತಿದ್ದರು. ಅಂಗಡಿಯವನು ಪಂಪು ಹೊಡೆಯುವುದನ್ನು ನಿಲ್ಲಿಸದೆ ಗದ್ದದಲ್ಲೇ ಹಿಂದಕ್ಕೆ ತೋರಿಸುತ್ತಿದ್ದ.

ಒಳಗೆ ಒಂದು ಮೇಜು, ಒಂದು ಬೆಂಚು, ಕೈಗಳಿರುವ ಒಂದೇ ಒಂದು ಕುರ್ಚಿ. ಆ ಕುರ್ಚಿ ಬಂದವರಿಗೆ. ಕೈ ಊರದೆ ಏಳಲಾಗದವರೇ ಅಲ್ಲಿಗೆ ಹೆಚ್ಚು ಬರುತ್ತಿದ್ದುದು. ಅರ್ಜಿಯಮ್ಮ ತಾನು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಸದಾ ಮೂಗಿನ ತುದಿಗೆ ಜಾರುವ ಕನ್ನಡಕ, ಅದಕ್ಕಿಂತ ಬೇಗ ಜಾರುವ ತಾಳ್ಮೆ.

ಅವಳು ಹತ್ತೊಂಬತ್ತು ವರ್ಷ ಮಾಸಾಶನದ ಕಚೇರಿಯಲ್ಲೇ ಗುಮಾಸ್ತೆಯಾಗಿದ್ದವಳು. ಅಲ್ಲಿ ಅವಳ ಕೆಲಸ ಅರ್ಜಿಗಳಲ್ಲಿ ತಪ್ಪು ಹುಡುಕುವುದು. ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ದಿನಾಂಕ ಆಚೀಚೆಯಾದರೂ ಸಾಕು, ಅರ್ಜಿ ವಾಪಸ್. ಒಂದು ಸಲ ಹೆಬ್ಬೆಟ್ಟಿನ ಗುರುತು ಇಲ್ಲವೆಂದು ಒಂದು ಅರ್ಜಿಯನ್ನು ಮೂರು ಬಾರಿ ಹಿಂದಕ್ಕೆ ಕಳಿಸಿದಳು. ನಾಲ್ಕನೇ ಬಾರಿ ಅರ್ಜಿದಾರನೇ ಎದುರಿಗೆ ಬಂದು ನಿಂತ. ಅವನಿಗೆ ಎರಡೂ ಕೈ ಇರಲಿಲ್ಲ. ಅಂದು ಮಧ್ಯಾಹ್ನ ಊಟದ ಡಬ್ಬಿ ಎತ್ತಿಕೊಂಡು ಹೊರಬಿದ್ದವಳು ಮತ್ತೆ ಕಚೇರಿಯ ತನ್ನ ಕುರ್ಚಿಯ ಕಡೆ ತಲೆ ಹಾಕಲಿಲ್ಲ. ಕಚೇರಿಯವರು ಅವಳಿಗೆ ತಲೆ ಕೆಟ್ಟಿದೆ ಎಂದರು. ಕೆಟ್ಟಿದ್ದು ಹೊಟ್ಟೆ. ವಾರಗಟ್ಟಲೆ ಅನ್ನ ಇಳಿಯಲಿಲ್ಲ.

ಈಗ ಅದೇ ವಿದ್ಯೆಯನ್ನು ಅವಳು ತಿರುಗಿಸಿ ಹಿಡಿದಿದ್ದಳು. ಎಲ್ಲಿ ತಪ್ಪು ಹುಡುಕುತ್ತಾರೆ ಎಂಬುದು ಅವಳಿಗೆ ಅಂಗೈ ರೇಖೆಯಷ್ಟು ಗೊತ್ತು. ಆದರೆ ಅವಳ ನಿಜವಾದ ಕಸುಬು ಇದ್ದದ್ದು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ. ಸರ್ಕಾರದ ಅರ್ಜಿ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳುತ್ತದೆ: ಮಾಡಬಲ್ಲಿರಾ? ಮೆಟ್ಟಿಲು ಹತ್ತಬಲ್ಲಿರಾ, ಬಗ್ಗಬಲ್ಲಿರಾ, ಕೊಡ ಎತ್ತಬಲ್ಲಿರಾ. ಹೌದು, ಇಲ್ಲ, ಎರಡೇ ಚೌಕ. ಬಡವರು ಎಲ್ಲದಕ್ಕೂ ಹೌದು ಎನ್ನುತ್ತಾರೆ, ಏಕೆಂದರೆ ಇಲ್ಲ ಎಂದರೆ ಅವರ ಮನೆ ನಡೆಯುವುದಿಲ್ಲ. ಹಾಗಾಗಿ ಅರ್ಜಿಯಮ್ಮ ಬೇರೆ ಪ್ರಶ್ನೆ ಕೇಳುತ್ತಿದ್ದಳು: "ಮಾಡಿದ್ರಲ್ಲ, ಮಾರನೇ ದಿನ ಏನಾಯ್ತು?" ಉತ್ತರವನ್ನು ಅವರು ಹೇಳಿದ ಮಾತಲ್ಲೇ ಬರೆದುಕೊಂಡು ಅರ್ಜಿಗೆ ಲಗತ್ತಿಸುತ್ತಿದ್ದಳು.

ಕ್ರೇನಣ್ಣ ಬಂದದ್ದು ಒಂದು ಮಂಗಳವಾರ, ಹೆಂಡತಿಯ ಜೊತೆ, ತಿರಸ್ಕಾರದ ಪತ್ರ ಹಿಡಿದುಕೊಂಡು. ಗೋದಾಮಿನಲ್ಲಿ ಮೂವತ್ತೊಂದು ವರ್ಷ ಮೂಟೆ ಹೊತ್ತ ಹಮಾಲ. ಕ್ರೇನು ಎಂಬ ಹೆಸರು ಅಲ್ಲಿಯವರೇ ಇಟ್ಟದ್ದು. ಈಗ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು. ಬಾಗಿಲು ತುಂಬುವಷ್ಟು ಆಳು. ಅವನ ಪಕ್ಕದಲ್ಲಿ ಅವಳು ಒಂದು ಹಿಡಿಯಷ್ಟು. ಅರ್ಜಿಯಮ್ಮ ಕೈಗಳಿರುವ ಕುರ್ಚಿ ತೋರಿಸಿದರೆ ಅವನು ಬೆಂಚಿನ ಮೇಲೆ ಕೂತ.

ಅವಳು ಪತ್ರ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದಳು. "ಪರೀಕ್ಷೆಯ ದಿನ ಅರ್ಜಿದಾರನು ಕಚೇರಿಯ ಪಡಸಾಲೆಯಲ್ಲಿ ಕಬ್ಬಿಣದ ಬೀರುವೊಂದನ್ನು ಯಾರ ನೆರವೂ ಇಲ್ಲದೆ ಸ್ಥಳಾಂತರಿಸಿದ್ದು ಕಂಡುಬಂದಿರುವುದರಿಂದ ಮಾಸಾಶನಕ್ಕೆ ಅನರ್ಹ."

"ಅಣ್ಣಾ, ಇದೇನಿದು ಬೀರು?"

"ನಾಲ್ಕು ಬಾಗಿಲಿಂದು. ಹಳೇ ಮಾಲು, ದಪ್ಪ ತಗಡು."

"ಅದರ ವಂಶಾವಳಿ ಕೇಳ್ಲಿಲ್ಲ ನಾನು. ನೀವ್ಯಾಕೆ ಅದನ್ನ ಮುಟ್ಟೋಕೆ ಹೋದ್ರಿ?"

"ಇಬ್ಬರು ಜವಾನರು ತಳ್ತಿದ್ರು ತಾಯಿ. ಬೀರೂನ ಯಾರಾದ್ರೂ ತಳ್ತಾರಾ? ಒಂದು ಕಾಲು ನೆಲದ ಸಂದಿಗೆ ಸಿಕ್ಕಿತ್ತು. ಇನ್ನೊಂದು ಸಲ ತಳ್ಳಿದ್ರೆ ಅವರ ಮೈಮೇಲೇ ಬೀಳ್ತಿತ್ತು. ನೋಡ್ಕೊಂಡು ಹೆಂಗೆ ಕೂರೋದು? ಬೀರು ತಳ್ಳೋ ವಸ್ತು ಅಲ್ಲ, ನಡೆಸೋ ವಸ್ತು. ಈ ಮೂಲೆ ಒಂದು ಹೆಜ್ಜೆ, ಆ ಮೂಲೆ ಒಂದು ಹೆಜ್ಜೆ. ನಡೆಸ್ಕೊಂಡು ಹೋಗಿ ಗೋಡೆಗೆ ನಿಲ್ಸಿದೆ. ಅಷ್ಟೇ."

ಅಷ್ಟೇ! ಅರ್ಜಿಯಮ್ಮನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೆನ್ನು ಹೋಗಿದೆ ಎಂದು ಸಾಬೀತು ಮಾಡಲು ಹೋದವನು, ಡಾಕ್ಟರ ಬಾಗಿಲಿನ ಎದುರಿಗೇ, ಡಾಕ್ಟರು ನೋಡುತ್ತಿರುವಂತೆಯೇ, ಬೀರು ನಡೆಸಿದ್ದಾನೆ. ನೋವಿನ ನಾಟಕ ಆಡುವ ಕಳ್ಳ ಯಾರೂ ಹೀಗೆ ಮಾಡುವುದಿಲ್ಲ. ಮೂವತ್ತೊಂದು ವರ್ಷ ಹೊರೆ ಹೊತ್ತವನು ಮಾತ್ರ ಮಾಡುತ್ತಾನೆ. ಭಾರವನ್ನು ಯಾರಾದರೂ ತಪ್ಪಾಗಿ ಹಿಡಿದರೆ ಅವನ ಕೈ ತಡೆಯುವುದಿಲ್ಲ.

"ಒಳಗೆ ಹೋದ ಮೇಲೆ ಡಾಕ್ಟರು ಏನು ಕೇಳಿದ್ರು?"

"ಬಗ್ಗು ಅಂದ್ರು, ಬಗ್ಗಿದೆ. ಕಾಲೆತ್ತು ಅಂದ್ರು, ಎತ್ತಿದೆ. ನೋವಾಗುತ್ತಾ ಅಂದ್ರು. ಪರವಾಗಿಲ್ಲ ಅಂದೆ."

"ಪರವಾಗಿಲ್ಲ ಅಂದ್ರಾ?"

"ಮತ್ತೇನನ್ನಲಿ? ಗೋದಾಮಲ್ಲಿ ಬೇರೆ ಏನಂದ್ರೂ ಅವತ್ತೇ ಮನೆಗೆ ಕಳಿಸ್ತಾರೆ."

ಪತ್ರದ ಹಿಂದೆ ದೊಡ್ಡಾಸ್ಪತ್ರೆಯ ಚೀಟಿ ಇತ್ತು. ಬೆನ್ನೆಲುಬಿನ ಎರಡು ಕೀಲು ಜಾರಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿವೆ. ಇನ್ನೊಮ್ಮೆ ಭಾರ ಹೊತ್ತರೆ ಕಾಲು ಶಾಶ್ವತವಾಗಿ ಹೋಗಬಹುದು ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅರ್ಜಿಯ ಜೊತೆ ಅದನ್ನು ಕೊಟ್ಟೂ ಇದ್ದರು. ಯಾರೂ ಅದನ್ನು ನೋಡಿದ ಹಾಗಿರಲಿಲ್ಲ. ಬೀರು ಸಿಕ್ಕ ಮೇಲೆ ಚೀಟಿ ಯಾರಿಗೆ ಬೇಕು?

ಅವಳು ನೋಟ್‌ಬುಕ್ ತೆರೆದಳು. "ಬೀರು ಸರಿಸಿದ್ರಲ್ಲ, ಮಾರನೇ ದಿನ ಏನಾಯ್ತು?"

ಕ್ರೇನಣ್ಣ ಗೋಡೆ ನೋಡಿದ. "ಸ್ವಲ್ಪ ಹಿಡ್ಕೊಂಡಿತ್ತು."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ ಸ್ವಲ್ಪ."

ಹೆಂಡತಿ ಬಾಯಿ ತೆರೆದಳು. ಅವನು ಒಂದು ಸಲ ಅವಳ ಕಡೆ ತಿರುಗಿದ, ಅಷ್ಟೇ. ಬಾಯಿ ಮುಚ್ಚಿತು. ಅರ್ಜಿಯಮ್ಮ ಇದನ್ನೆಲ್ಲ ನೋಡಿದಳು, ಕೆದಕಿದಳು, ಬೈದಳು. ಒಂದೂ ನಡೆಯಲಿಲ್ಲ. ಪುಟದ ಮೇಲೆ 'ಸ್ವಲ್ಪ ಹಿಡ್ಕೊಂಡಿತ್ತು' ಎಂಬ ಎರಡು ಪದ ಬಿಟ್ಟು ಏನೂ ಬೀಳಲಿಲ್ಲ.

ಮೇಲ್ಮನವಿ ಹಾಕಿದರು. ವಿಚಾರಣೆ ಒಂದು ಶುಕ್ರವಾರಕ್ಕೆ ಬಂತು. ಅದಕ್ಕೆ ಎರಡು ದಿನ ಮುಂಚೆ ಹೆಂಡತಿ ಒಬ್ಬಳೇ ಓಡುತ್ತ ಬಂದಳು. ಗೋದಾಮಿನ ಮೇಸ್ತ್ರಿ ಹೇಳಿ ಕಳಿಸಿದ್ದನಂತೆ: ಸೋಮವಾರ ಬೆಳಿಗ್ಗೆ ಬರದಿದ್ದರೆ ಪಟ್ಟಿಯಿಂದ ಹೆಸರು ಹೊಡೆದು ಹಾಕುತ್ತೇನೆ. ಕ್ರೇನಣ್ಣ ಬರುತ್ತೇನೆ ಎಂದು ಮಾತು ಕೊಟ್ಟಾಗಿತ್ತು. ಶುಕ್ರವಾರ ಕಚೇರಿಯವರು ಆಗಲ್ಲ ಎಂದರೆ ಸೋಮವಾರ ಮೂಟೆ.

"ಕಾಲು ಹೋಗುತ್ತೆ ಅಂತ ಅವರಿಗೆ ಗೊತ್ತಿಲ್ವಾ ಅತ್ತಿಗೆ?"

"ಗೊತ್ತು. ಕಾಲು ಹೋದ್ರೆ ಆವಾಗಾದ್ರೂ ಮಾಸಾಶನ ಕೊಡ್ತಾರಲ್ಲ, ಅಂತಾರೆ."

ಅರ್ಜಿಯಮ್ಮನಿಗೆ ಪಿತ್ತ ನೆತ್ತಿಗೇರಿತು. ಅದು ಯಾರ ಮೇಲಿನ ಸಿಟ್ಟು ಎಂದು ಅವಳಿಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಮರುದಿನ ಗಂಡಹೆಂಡಿರಿಬ್ಬರನ್ನೂ ಕೂರಿಸಿಕೊಂಡು ವಿಚಾರಣೆಗೆ ತಯಾರಿ ಮಾಡಿಸಿದಳು. ಜವಾನರು ಕರೆದರು, ಅದಕ್ಕೆ ಹೋದೆ ಅನ್ನಿ ಎಂದಳು. "ಕರೀಲಿಲ್ಲ, ನಾನೇ ಹೋದದ್ದು" ಎಂದ. ಸರಿ, ಕುರ್ಚಿಯ ಕೈ ಹಿಡಿದುಕೊಂಡಾದರೂ ಏಳಿ ಎಂದಳು.

"ನನ್ನ ಕುಂಟ ಅಂತೀರಾ ತಾಯಿ?"

"ಕುಂಟ ಅಂತಿಲ್ಲ ಅಣ್ಣಾ. ಕುಂಟೋದನ್ನ ಮುಚ್ಚಿಡಬೇಡಿ ಅಂತಿದ್ದೀನಿ."

"ನಾನು ಇರೋದೇ ಹಿಂಗೆ."

"ಹಂಗಾದ್ರೆ ನಿಮ್ಮ ಪಾಡು ನೀವು ನೋಡ್ಕೊಳ್ಳಿ" ಎಂದುಬಿಟ್ಟಳು ಅರ್ಜಿಯಮ್ಮ. ಆಮೇಲೆ ಅವರು ಹೋದ ಬಾಗಿಲನ್ನೇ ನೋಡುತ್ತ, ನಾಳೆ ಎಷ್ಟು ಗಂಟೆಗೆ ಹೊರಡಬೇಕು ಎಂದು ಲೆಕ್ಕ ಹಾಕತೊಡಗಿದಳು.

ಮೇಲ್ಮನವಿ ಮಂಡಳಿ ಇದ್ದದ್ದು ಅದೇ ಕಚೇರಿಯ ಮೂರನೇ ಮಹಡಿಯಲ್ಲಿ. ಲಿಫ್ಟು ಇತ್ತು, ಅದರೊಳಗೆ ಹಳೇ ಕಡತಗಳನ್ನು ಪೇರಿಸಿದ್ದರು. ಕ್ರೇನಣ್ಣ ಮೆಟ್ಟಿಲು ಹತ್ತಿದ, ಒಮ್ಮೆಯೂ ಕಂಬಿ ಮುಟ್ಟಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಅವನ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಹಿಂದೆ ಬರುತ್ತಿದ್ದ ಇಬ್ಬರು ಹೆಂಗಸರೂ ಅದನ್ನು ನೋಡಿದರು.

ಉದ್ದ ಮೇಜಿನ ಆಚೆ ಅಧ್ಯಕ್ಷರು, ಅವರ ಬಲಕ್ಕೆ ಅದೇ ಡಾಕ್ಟರು, ತುದಿಯಲ್ಲಿ ನಡಾವಳಿ ಬರೆಯುವ ಗುಮಾಸ್ತ. ಪರೀಕ್ಷೆ ಮಾಡಿದವರೇ ಮೇಲ್ಮನವಿಯಲ್ಲೂ ಕೂರುವುದು ಹೇಗೆ ಎಂದು ಕೇಳಿದರೆ, ಇರೋದೇ ಒಬ್ಬರು ಎನ್ನುತ್ತಾರೆ. ಅಧ್ಯಕ್ಷರು ಅರ್ಜಿಯಮ್ಮನನ್ನು ನೋಡಿ ಹಲ್ಲು ಬಿಟ್ಟರು. ಹಿಂದೆ ಅವಳ ಮೇಲಧಿಕಾರಿಯಾಗಿದ್ದವರು.

"ಏನಮ್ಮಾ, ಇನ್ನೂ ನಡೀತಿದ್ಯಾ ನಿಮ್ಮ ಅಂಗಡಿ?"

"ನೀವು ತಿರಸ್ಕರಿಸೋದು ನಿಲ್ಸಿದ ದಿನ ಮುಚ್ತೀನಿ ಸಾರ್."

ಹಲ್ಲು ಒಳಗೆ ಹೋಯಿತು. ಅಧ್ಯಕ್ಷರು ಕಡತ ತೆರೆದು ನೇರ ವಿಷಯಕ್ಕೆ ಬಂದರು. "ಬೀರು ಸರಿಸಿದ್ದು ನೀವೇ ತಾನೇ?"

"ನಾನೇ ಸಾರ್."

"ಒಬ್ಬರೇ?"

"ಒಬ್ಬನೇ. ಜವಾನರ ಕೈಲಿ ಆಗ್ತಿರ್ಲಿಲ್ಲ. ಅವರಿಗೆ ಹಿಡಿಯೋ ಜಾಗ ಗೊತ್ತಿಲ್ಲ."

ಡಾಕ್ಟರು ಭುಜ ಕುಣಿಸಿದರು, ಇನ್ನೇನು ಉಳಿಯಿತು ಎನ್ನುವಂತೆ. ಅರ್ಜಿಯಮ್ಮ ಎದ್ದು ನಿಂತು ನಿಯಮ ಓದಿದಳು: ಶಕ್ತ ಎಂದರೆ ಒಂದು ಕೆಲಸವನ್ನು ಒಮ್ಮೆ ಮಾಡಬಲ್ಲವನಲ್ಲ, ದಿನವೂ ಮಾಡಬಲ್ಲವನು. ದೊಡ್ಡಾಸ್ಪತ್ರೆಯ ಚೀಟಿಯನ್ನೂ ಓದಿದಳು. ಅಧ್ಯಕ್ಷರು ಕೇಳಿಸಿಕೊಂಡರು, ಕಿಟಕಿಯ ಹೊರಗೆ ಬಸ್ಸು ಹೋಗುವುದನ್ನು ಕೇಳಿಸಿಕೊಳ್ಳುವ ಹಾಗೆ.

"ದಿನಾ ಮಾಡೋಕಾಗಲ್ಲ ಅನ್ನೋದಕ್ಕೆ ಏನಿದೆ? ನಿಮ್ಮ ಲಗತ್ತಲ್ಲೇ ಬರೆದಿದ್ದೀರಿ, ಸ್ವಲ್ಪ ಹಿಡ್ಕೊಂಡಿತ್ತು ಅಂತ. ನನಗೂ ಹಿಡ್ಕೊಳ್ಳುತ್ತೆ ಕಣಮ್ಮಾ, ಈ ಕುರ್ಚೀಲಿ ಕೂತು ಕೂತು."

ಗುಮಾಸ್ತ ನಕ್ಕ. ಕ್ರೇನಣ್ಣ ನೆಲ ನೋಡುತ್ತ ಕೂತಿದ್ದ.

"ಸ್ವಲ್ಪ ಅಲ್ಲ."

ದನಿ ಹಿಂದಿನಿಂದ ಬಂತು. ಗೋಡೆಗೊರಗಿ ಕೂತಿದ್ದ ಹೆಂಡತಿ ಎದ್ದು ನಿಂತಿದ್ದಳು.

"ಸಾಕ್ಷಿ ಪಟ್ಟೀಲಿ ನಿಮ್ಮ ಹೆಸರಿಲ್ಲ, ಕೂತ್ಕೊಳ್ಳಿ" ಎಂದರು ಅಧ್ಯಕ್ಷರು.

"ಕೂತ್ಕೋ" ಎಂದ ಕ್ರೇನಣ್ಣನೂ, ಹಲ್ಲು ಕಚ್ಚಿ.

"ಕೂರಲ್ಲ" ಎಂದಳು ಅವಳು. ಯಾರಿಗೆ ಹೇಳಿದಳೋ, ಇಬ್ಬರಿಗೂ ಆಯಿತು. "ಮೂವತ್ತು ವರ್ಷ ಇವರು ಕೂತ್ಕೋ ಅಂದ ಕಡೆ ಕೂತಿದ್ದೀನಿ. ಬೀರು ಸರಿಸಿ ಮನೆಗೆ ಬಂದ್ರು. ಮಲ್ಕೊಂಡ್ರು. ಮಾರನೇ ದಿನ ಏಳ್ಲಿಲ್ಲ. ಅದರ ಮಾರನೇ ದಿನಾನೂ ಏಳ್ಲಿಲ್ಲ. ನೆಲದ ಮೇಲೆ ಕಂಬ ಬಿದ್ದಂಗೆ ಬಿದ್ದಿದ್ರು. ಕಾಲಲ್ಲಿ ಜೀವ ಇರ್ಲಿಲ್ಲ. ಹೊರಗಡೆ ಹೋಗ್ಬೇಕಲ್ಲ ಮನುಷ್ಯ? ಯಾರನ್ನಾದ್ರೂ ಕರೀತೀನಿ ಅಂದ್ರೆ, ಗೋದಾಮಿಗೆ ಸುದ್ದಿ ಹೋಗುತ್ತೆ, ಬೇಡ ಅಂತ ಬಾಗಿಲ ಚಿಲಕ ಹಾಕಿಸಿದ್ರು. ನಾನು ಎತ್ತಿದೆ ಸಾರ್ ಇವರನ್ನ. ನನ್ನನ್ನ ನೋಡಿ. ನಾನು ಎತ್ತಿದೆ."

ಅವಳನ್ನು ಎಲ್ಲರೂ ನೋಡಿದರು. ನೋಡಲು ಹೆಚ್ಚೇನೂ ಇರಲಿಲ್ಲ, ಅಷ್ಟು ಚಿಕ್ಕವಳು.

"ಹೇಗೆ ಎತ್ತಿದ್ರಿ?" ಎಂದು ಕೇಳಿದ್ದು ಡಾಕ್ಟರು. ಅನುಮಾನವೋ ಕುತೂಹಲವೋ, ದನಿಯಲ್ಲಿ ಎರಡೂ ಇತ್ತು.

"ಇವರೇ ಹೇಳ್ಕೊಟ್ರು. ಮಲ್ಕೊಂಡೇ. ಕೈಯಲ್ಲಿ ಎತ್ತಬೇಡ, ಕೈ ಮೋಸ ಮಾಡುತ್ತೆ, ಸೊಂಟದಲ್ಲಿ ಎತ್ತು ಅಂದ್ರು. ಬೆಡ್‌ಶೀಟು ಇವರ ಕೆಳಗೆ ತೂರ್ಸಿ ಎರಡು ತುದೀನೂ ನನ್ನ ಸೊಂಟಕ್ಕೆ ಸುತ್ಕೊಂಡೆ. ಮಂಡಿ ಮಡಚು ಅಂದ್ರು, ಮಡಚಿದೆ. ಉಸಿರು ಬಿಡ್ತಾ ಹಿಂದಕ್ಕೆ ವಾಲು ಅಂದ್ರು, ವಾಲಿದೆ. ಎರಡು ಸಲ ಇಬ್ರೂ ಬಿದ್ವಿ. ಹೊಸಬರಿಗೆ ಹಂಗೇ ಆಗುತ್ತೆ, ಮೊದಲನೇ ವಾರ ಎಲ್ಲರೂ ಬೀಳ್ತಾರೆ, ಅಂದ್ರು." ಅವಳು ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೂರನೇ ಸಲಕ್ಕೆ ಎದ್ರು. ಎಷ್ಟು ಚೆನ್ನಾಗಿ ಎತ್ತಿದೆ ಅಂತ ನನ್ನ ಹೊಗಳಿದ್ರು. ಹೊಗಳ್ತಾ ಹೊಗಳ್ತಾ ಅತ್ರು. ಹಂಗೆ ಒಂಬತ್ತು ದಿನ. ನೀವು ಮಲ್ಕೊಳ್ಳಿ ಡಾಕ್ಟ್ರೇ, ತೋರಿಸ್ತೀನಿ. ನಿಮ್ಮನ್ನೂ ಎತ್ತೀನಿ."

ಕ್ರೇನಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಗುಮಾಸ್ತನ ಪೆನ್ನು ನಿಂತಿತ್ತು. ಅರ್ಜಿಯಮ್ಮನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ; ಕನ್ನಡಕ ಮಂಜಾಗಿತ್ತು. ಅದನ್ನು ಒರೆಸಿಕೊಂಡು, ತನ್ನ ದನಿಯನ್ನು ತಾನೇ ಗುರುತಿಸಲಾರದಷ್ಟು ಮೆಲ್ಲಗೆ ಹೇಳಿದಳು. "ಬರ್ಕೊಳ್ಳಪ್ಪಾ. ಒಂದಕ್ಷರ ಬಿಡದೆ ಬರ್ಕೋ."

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಸಹಾನುಭೂತಿ ಇದೆ ಎಂದರು. ಪರಿಶೀಲಿಸುತ್ತೇವೆ ಎಂದರು. ತೀರ್ಮಾನ ಆರು ವಾರದೊಳಗೆ ಅಂಚೆಯಲ್ಲಿ ಬರುತ್ತದೆ ಎಂದು ಕಡತ ಮುಚ್ಚಿದರು.

ಆರು ವಾರ. ಸೋಮವಾರಕ್ಕೆ ನಡುವೆ ಎರಡೇ ದಿನವಿತ್ತು.

ಆ ಕಟ್ಟಡದಲ್ಲಿ ಹತ್ತೊಂಬತ್ತು ವರ್ಷ ಕಳೆದ ಅರ್ಜಿಯಮ್ಮನಿಗೆ ಒಂದು ಸಂಗತಿ ಗೊತ್ತಿತ್ತು. ಅಲ್ಲಿಯವರು ಕಣ್ಣೀರಿಗೆ ಹೆದರುವುದಿಲ್ಲ, ಶಾಪಕ್ಕೆ ಹೆದರುವುದಿಲ್ಲ, ಮೇಲಿನವರಿಗೂ ಅಷ್ಟಕ್ಕಷ್ಟೇ. ಅವರು ನಿಜವಾಗಿ ಹೆದರುವುದು ತಮ್ಮದೇ ಸಹಿಗೆ. ಬಾಯಲ್ಲಿ ಏನು ಬೇಕಾದರೂ ಅನ್ನುತ್ತಾರೆ. ಕೆಳಗೆ ಹೆಸರು ಬರೆಯಬೇಕು ಎಂದೊಡನೆ ಪೆನ್ನು ಸಿಗುವುದಿಲ್ಲ. ಅವಳು ಒಂದು ಬಿಳಿ ಹಾಳೆ ತೆಗೆದು, ನಿಂತಲ್ಲೇ, ದುಂಡಗಿನ ಅಕ್ಷರದಲ್ಲಿ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿದಳು.

"'ಈ ಮನುಷ್ಯನನ್ನು ನಾನು ಪರೀಕ್ಷಿಸಿದ್ದೇನೆ. ಬರುವ ಸೋಮವಾರದಿಂದ ಇವರು ದಿನಕ್ಕೆ ಎಂಟು ಗಂಟೆ ಐವತ್ತು ಕಿಲೋ ಮೂಟೆ ಹೊರಬಹುದು. ಅದರಿಂದ ಇವರ ಕಾಲಿಗೆ ಏನೂ ಆಗುವುದಿಲ್ಲ.' ಡಾಕ್ಟ್ರೇ, ಸಹಿ ಹಾಕಿ."

"ಇದೇನಿದು? ಇಂಥದ್ದಕ್ಕೆಲ್ಲ ನಾನ್ಯಾಕೆ ಸಹಿ ಹಾಕಲಿ?"

"ನಿಮ್ಮ ವರದೀಲಿ ಇರೋದೂ ಇದೇ ಅಲ್ವಾ? ಶಕ್ತ ಅಂತ ತಾನೇ ಬರೆದಿದ್ದೀರಿ? ಶಕ್ತ ಅಂದ್ರೆ ಇವರ ಕೆಲಸದಲ್ಲಿ ಇಷ್ಟು. ಬಿಡಿಸಿ ಬರೆದಿದ್ದೀನಿ. ಸೋಮವಾರ ಇವರು ಹೊರೋಕೆ ಹೋಗ್ತಾರೆ, ಮಾತು ಕೊಟ್ಟಾಗಿದೆ. ಕಾಲು ಹೋದ್ರೆ ಯಾರ ಮಾತು ನಂಬಿ ಹೋದ್ರು ಅಂತ ಒಂದು ಕಾಗದ ಇರಲಿ."

"ಹೊರಗೆ ನಡೀರಿ" ಎಂದರು ಅಧ್ಯಕ್ಷರು.

"ನಡೀತೀನಿ ಸಾರ್. ಸಹಿ ಹಾಕಲ್ಲ ಅಂದ್ರೆ, ಸಹಿ ಹಾಕಲ್ಲ ಅಂದ್ರು ಅಂತ ನಡಾವಳೀಲಿ ಬರೆಸಿ ನಡೀತೀನಿ. ಅರ್ಜಿದಾರರು ಕೇಳಿದ್ದನ್ನ ಬರೆದುಕೊಳ್ಳಲೇಬೇಕು. ಆ ನಿಯಮ ಟೈಪ್ ಮಾಡಿದ್ದೇ ನಾನು."

ಗುಮಾಸ್ತ ಅಧ್ಯಕ್ಷರ ಮುಖ ನೋಡಿದ. ಅಧ್ಯಕ್ಷರು ಡಾಕ್ಟರ ಮುಖ ನೋಡಿದರು. ಡಾಕ್ಟರು ಹಾಳೆ ನೋಡಿದರು. ಪೆನ್ನು ಅವರ ಬೆರಳ ನಡುವೆಯೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅದರ ಮುಚ್ಚಳ ಹಾಕಿದರು. ದೊಡ್ಡಾಸ್ಪತ್ರೆಯ ಚೀಟಿಯನ್ನು ಎಳೆದುಕೊಂಡು, ಕೆಂಪು ಶಾಯಿಯ ಸಾಲುಗಳನ್ನು ಮೊದಲ ಸಲ ಓದಿದರು. ಓದುವಾಗ ಅವರ ಕಿವಿ ಕೆಂಪಗಾಯಿತು; ಅಷ್ಟರಮಟ್ಟಿಗೆ ಆ ಮನುಷ್ಯನಲ್ಲಿ ಏನೋ ಉಳಿದಿತ್ತು.

"ನನ್ನ ವರದಿ ವಾಪಸ್ ತಗೋತೀನಿ ಸಾರ್" ಎಂದರು. "ಕೊಡೋಣ."

ವರದಿಯೇ ಇಲ್ಲದ ಮೇಲೆ ತಿರಸ್ಕರಿಸಲು ಆಧಾರವಿರಲಿಲ್ಲ. ಅಧ್ಯಕ್ಷರು ಖಾನೆಯಿಂದ ಮಂಜೂರಾತಿ ನಮೂನೆ ತೆಗೆದು, ಮೊಹರು ಒತ್ತಿ, ಮೇಜಿನ ಮೇಲೆ ತಳ್ಳಿದರು. "ಕೆಳಗಡೆ ಅವರ ಸಹಿ ಹಾಕ್ಸಿ."

ಗೆದ್ದಾಗಿತ್ತು. ಅರ್ಜಿಯಮ್ಮ ನಮೂನೆಯನ್ನು ಕ್ರೇನಣ್ಣನ ಮುಂದಿಟ್ಟು ಎಂದಿನಂತೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಹಾಕಿ ಅಣ್ಣಾ, ಬೇಗ."

"ಏನು ಬರೆದಿದೆ?" ಎಂದ ಅವನು.

"ಏನಿಲ್ಲ, ಎಲ್ಲರೂ ಹಾಕೋದೇ."

"ಓದಿ."

ಓದದೆ ಗತಿಯಿರಲಿಲ್ಲ. "'ನಾನು ಯಾವುದೇ ಕೆಲಸಕ್ಕೆ ಬಾರದ, ಅನ್ಯರಿಗೆ ಹೊರೆಯಾದ ವ್ಯಕ್ತಿಯೆಂದು ಒಪ್ಪಿ, ಸರ್ಕಾರದ ಕೃಪೆಯನ್ನು ಬೇಡುತ್ತೇನೆ.'"

ಕ್ರೇನಣ್ಣ ಪೆನ್ನನ್ನು ಮೇಜಿನ ಮೇಲಿಟ್ಟ. ಎಸೆಯಲಿಲ್ಲ, ಇಟ್ಟ. "ಹಾಕಲ್ಲ."

"ಅಣ್ಣಾ!"

"ಇದು ಸುಳ್ಳು. ಬೀರು ವಿಷಯಕ್ಕೇ ಸುಳ್ಳು ಹೇಳ್ಲಿಲ್ಲ ನಾನು, ಇದಕ್ಕೆ ಹೇಳ್ತೀನಾ? ಈ ಊರಲ್ಲಿ ಯಾರ ಮನೆ ಅಕ್ಕಿ ನನ್ನ ಬೆನ್ನ ಮೇಲೆ ಬಂದಿಲ್ಲ? ಈ ಸಾರ್ ಮನೇದೂ ಬಂದಿರುತ್ತೆ. ಕೆಲಸಕ್ಕೆ ಬಾರದವನು ಅಂತ ನಾನು ಬರ್ಕೊಡಲ್ಲ. ಹೊರೆ ಹೊತ್ತವನು ನಾನು, ಹೊರೆ ಆದವನಲ್ಲ."

"ಹಾಗಾದ್ರೆ ಮಂಜೂರಾತಿ ಇಲ್ಲ" ಎಂದರು ಅಧ್ಯಕ್ಷರು. ಅವರ ಮುಖದಲ್ಲಿ ಮತ್ತೆ ಜೀವ ಬಂದಿತ್ತು.

ಅರ್ಜಿಯಮ್ಮನಿಗೆ ಆ ಮನುಷ್ಯನ ಕುತ್ತಿಗೆ ಹಿಡಿದು ಸಹಿ ಹಾಕಿಸಬೇಕು ಎನ್ನಿಸಿತು. ಸೋಮವಾರ, ಕಾಲು, ಬೆಡ್‌ಶೀಟು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಸಹಾಯಕ್ಕೆಂದು ಹೆಂಡತಿಯ ಕಡೆ ತಿರುಗಿದಳು. ಅವಳಾದರೂ ಬುದ್ಧಿ ಹೇಳಲಿ. ಹೆಂಡತಿ ಗಂಡನ ಪಕ್ಕಕ್ಕೆ ಬಂದು ನಿಂತಿದ್ದಳು, ಗದ್ದ ಎತ್ತಿ, ಅವನು ಹೇಳಿದ್ದು ಸರಿ ಎನ್ನುವ ಹಾಗೆ.

ಆಗ ಅರ್ಜಿಯಮ್ಮನಿಗೆ ನಾಚಿಕೆಯಾಯಿತು. ಎಷ್ಟು ಜನರ ಕೈಯಲ್ಲಿ ಈ ಸಾಲಿನ ಕೆಳಗೆ ಸಹಿ ಹಾಕಿಸಿದ್ದಳು ಅವಳು! ಇಲ್ಲಿ ಹಾಕಿ, ಬೇಗ ಹಾಕಿ ಎಂದು ಬೆರಳಿಟ್ಟು ತೋರಿಸಿದ್ದಳು. ಓದಿ ಹೇಳಿದವಳೇ ಅಲ್ಲ. ಕಚೇರಿಯ ಕುರ್ಚಿ ಬಿಟ್ಟು ಬಂದೆ ಎಂದುಕೊಂಡು ಇಷ್ಟು ದಿನ ಅದರ ಕೆಲಸವನ್ನು ಹೊರಗಿನಿಂದ ಮಾಡಿಕೊಡುತ್ತಿದ್ದಳು. ಕಣ್ಣಿಲ್ಲದ ಮುದುಕಿಯೊಬ್ಬಳು ನಗುನಗುತ್ತ ಹೆಬ್ಬೆಟ್ಟು ಒತ್ತಿದ್ದು ನೆನಪಾಯಿತು.

ಅವಳು ನಮೂನೆಯನ್ನು ತನ್ನ ಕಡೆ ಎಳೆದುಕೊಂಡು, ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಳು.

"ಏಯ್! ಮುದ್ರಿತ ನಮೂನೆ ಅದು!"

"ತಿದ್ದುಪಡಿಗೆ ಅವಕಾಶ ಇದೆ ಸಾರ್. ಪಕ್ಕದಲ್ಲಿ ಕಿರುಸಹಿ ಇದ್ರಾಯ್ತು." ಮೇಲೆ ಅವಳು ಬರೆದಳು: ಮೂವತ್ತೊಂದು ವರ್ಷ ದುಡಿದಿದ್ದೇನೆ. ಇನ್ನು ಭಾರ ಹೊರಲು ನನ್ನ ಬೆನ್ನಿನಿಂದ ಆಗುವುದಿಲ್ಲ. ನನಗೆ ಬರಬೇಕಾದ ಮಾಸಾಶನ ಕೊಡಿ. ಕ್ರೇನಣ್ಣನಿಗೆ ಓದಿ ಹೇಳಿದಳು. ಅವನು ಒಂದು ಕ್ಷಣ ಯೋಚಿಸಿ, "ಇದು ನಿಜ" ಎಂದು, ಮೂಟೆಗೆ ಗುರುತು ಹಾಕುವವರ ದಪ್ಪಕ್ಷರದಲ್ಲಿ ಸಹಿ ಹಾಕಿದ.

ಕಾಗದ ಅಧ್ಯಕ್ಷರ ಮುಂದೆ ಹೋಯಿತು. ಅವರು ಮುಟ್ಟಲಿಲ್ಲ. ಇವರು ಮೂವರೂ ಕದಲಲಿಲ್ಲ. ಹೊರಗೆ ಮುಂದಿನ ಅರ್ಜಿದಾರರ ಹೆಸರನ್ನು ಜವಾನ ಎರಡು ಸಲ ಕೂಗಿದ. ಡಾಕ್ಟರೇ ಕೊನೆಗೆ ಪೆನ್ನಿನ ಮುಚ್ಚಳ ತೆಗೆದು, ಅಡ್ಡಗೆರೆಯ ಪಕ್ಕ ಕಿರುಸಹಿ ಹಾಕಿ, ಕಾಗದವನ್ನು ಅಧ್ಯಕ್ಷರತ್ತ ಸರಿಸಿದರು. ಅಧ್ಯಕ್ಷರು ಮುಖ ಗಂಟಿಕ್ಕಿಕೊಂಡು ತಮ್ಮದನ್ನೂ ಗೀಚಿದರು.

ಶನಿವಾರ ಬೆಳಿಗ್ಗೆ ಅರ್ಜಿಯಮ್ಮ ಕೋಣೆಯ ಬಾಗಿಲು ತೆರೆಯುವ ಮುಂಚೆ ಮಂಜೂರಾತಿ ನಮೂನೆಗಳ ಕಟ್ಟು ಬಿಚ್ಚಿದಳು. ಕಚೇರಿಯಲ್ಲಿ ಅವು ಯಾವಾಗ ಕೇಳಿದರೂ ಮುಗಿದಿರುತ್ತಿದ್ದವು, ಹಾಗಾಗಿ ಅವಳೇ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದಳು. ಅಡಿಪಟ್ಟಿ ಇಟ್ಟು ಒಂದೊಂದರ ಮೇಲೂ ಆ ಸಾಲನ್ನು ಹೊಡೆದು ಹಾಕುತ್ತ ಹೋದಳು. ಕಟ್ಟು ಅರ್ಧ ಮುಗಿಯುವಷ್ಟರಲ್ಲಿ ಹೊರಗೆ ಯಾರೋ ಕೆಮ್ಮಿದರು. ಉಳಿದದ್ದನ್ನು ಕಂಕುಳಲ್ಲಿ ಹಿಡಿದುಕೊಂಡೇ ಅವಳು ಬಾಗಿಲು ತೆರೆದಳು. ಕಚೇರಿಯವರು ವಾಪಸ್ ಕಳಿಸಿದರೆ ಕಳಿಸಲಿ, ಸಾಲುಸಾಲಾಗಿ ಕಳಿಸಲಿ, ಅವರವರ ಸಹಿ ಹಾಕಿ ಕಳಿಸಲಿ.